ಐದೂ ಮುಕ್ಕಾಲರ ದೋಣಿ

ಬಂದರಿನ ಹಗ್ಗದಂಗಡಿಯ ಮೇಲೆ ನನ್ನ ಸ್ಟುಡಿಯೋ.
ಗೋಡೆಗೆ ಮೊಟ್ಟೆಯ ಟ್ರೇ, ಕಿಟಕಿಗೆ ಎರಡು ಕಂಬಳಿ.
ಆದರೂ ಒಣಮೀನಿನ ವಾಸನೆ ಒಳಗೆ ಬರುತ್ತದೆ.
ಮೈಕಿಗೆ ಅದು ಕೇಳುವುದಿಲ್ಲ, ಪುಣ್ಯ.

ಬೆಂಗ್ರೆಯಿಂದ ದೋಣಿ ಹತ್ತಿ ಬಂದ ಸೇಸಪ್ಪ ಕರ್ಕೇರರು
ಭಜನಾ ಮಂದಿರದ ಅರವತ್ತನೇ ವರ್ಷಕ್ಕೆಂದು
ಒಂಬತ್ತು ನಿಮಿಷದ ಒಂದು ಭಜನೆ ಹಾಡಿದರು.
ನಡುವೆ ನಿಲ್ಲಿಸಿ ಅಂದರೆ ನಿಲ್ಲಿಸುವ ಜನ ಅಲ್ಲ.
ಹಾಡು ಓಡುತ್ತಿರುವಾಗಲೇ ಕೀಲಿ ಒತ್ತುತ್ತ ಹೋದೆ,
ಒತ್ತಿದಲ್ಲೆಲ್ಲ ತೆರೆಯ ನೆತ್ತಿಗೆ ಒಂದು ಪುಟ್ಟ ಬಾವುಟ.
ಹೆಸರು ಬರೆದೆ: ಪಲ್ಲವಿ. ತಾಳ ಏರಿತು. ವಾಮನನ ಕೆಮ್ಮು.
ಮತ್ತೆ ಪಲ್ಲವಿ. ಶ್ರುತಿ ಇಳಿದಿದೆ, ಹೇಳುವುದು ಹೇಗೆ.
ಹದಿನೇಳನೆಯದಕ್ಕೆ ಹೆಸರಿಡಲು ಪುರುಸೊತ್ತಾಗಲಿಲ್ಲ.

ಮುಗಿದ ಮೇಲೆ ಕನ್ನಡಕ ಏರಿಸಿ ನೋಡಿದರು.
"ಇದು ಎಂತ ಐರಿನ್ ಬಾಯೀ, ಬಲೆಯ ಬಾವುಟವಾ?"
ಕಡಲಲ್ಲಿ ಬಲೆ ಬಿಟ್ಟು ಬರುವಾಗ
ಬಿದಿರಿಗೆ ಕಪ್ಪು ಬಟ್ಟೆ ಕಟ್ಟಿ, ಥರ್ಮಾಕೋಲಿಗೆ ಚುಚ್ಚಿ
ನೀರಿಗೆ ಬಿಡುತ್ತಾರಂತೆ.
ಅದೇ, ಅಂದೆ. ಬೇಕಾದಲ್ಲಿಗೆ ನೇರ ಹಾರಬಹುದು.
ಮೂರು ಒತ್ತಿದೆ: ವಾಮನ ಕೆಮ್ಮಿದ.
ನಾಲ್ಕು: ಪಲ್ಲವಿ. ಮೂರು: ಮತ್ತೆ ಕೆಮ್ಮಿದ.
ವಾಮನನೊಬ್ಬನನ್ನು ಬಿಟ್ಟು ಎಲ್ಲರೂ ನಕ್ಕರು.
"ನಮ್ಮದು ನೀರಿನೊಟ್ಟಿಗೆ ಸರಿಯುತ್ತದೆ. ನಿಮ್ಮದು?"
ಸರಿಯುವುದಿಲ್ಲ, ಅಂದೆ,
ಸ್ವಲ್ಪ ಹೆಮ್ಮೆಯಿಂದಲೇ.

ಆ ರಾತ್ರಿ ಹಾಡು ಎಳೆದಂತೆ ಕೇಳಿಸಿತು.
ಟೆಂಪೋ ತೊಂಬತ್ತೆರಡಿದ್ದದ್ದನ್ನು ತೊಂಬತ್ತಾರಕ್ಕೆ ಏರಿಸಿದೆ.
ದನಿ, ಢೋಲಕಿ, ತಾಳ ಎಲ್ಲ ಒಟ್ಟಿಗೆ ಜರುಗಿ ಕೂತವು.
ಬಾವುಟಗಳನ್ನು ಮಾತ್ರ
ನಾನು ಗಡಿಯಾರಕ್ಕೆ ಕಟ್ಟಿದ್ದೆ, ತಾಳಕ್ಕಲ್ಲ.
ತಮ್ಮ ತಮ್ಮ ಸೆಕೆಂಡು ಹಿಡಿದುಕೊಂಡು ನಿಂತಲ್ಲೇ ನಿಂತವು.
ಬೆಳಿಗ್ಗೆ ಪಲ್ಲವಿ ಒತ್ತಿದರೆ ಅರ್ಧ ಸಾಲು,
ಕೆಮ್ಮು ಒತ್ತಿದರೆ ದೇವರ ಹೆಸರಿನ ಕೊನೆಯ ಅಕ್ಷರ.
ಸೇವ್ ಮಾಡಿ ಮುಚ್ಚಿದ್ದೆ ಬೇರೆ.

ಶನಿವಾರ ಕರ್ಕೇರರು ಪುನಃ ಬಂದರು.
ಒಂದು ಮಾತು ತಪ್ಪಿದೆ, ಅಲ್ಲಿಂದ ಇನ್ನೊಮ್ಮೆ ಹಾಡಬೇಕು.
ಎಲ್ಲಿಂದ?
ಬಾವುಟದಿಂದ ಬಾವುಟಕ್ಕೆ ಹಾರಿದೆ. ಖಾಲಿ ನೀರು.
"ಬಾವುಟ ಕಳೆದರೆ ನಾವು ದಡ ನೋಡುವುದು ಬಾಯೀ.
ಇಗರ್ಜಿಯ ಗೋಪುರದ ಹಿಂದೆ ದೀಪಸ್ತಂಭ ಅಡಗಿತಾ,
ಅಡಿಯಲ್ಲಿ ಕಲ್ಲು ಉಂಟು ಅಂತ ಲೆಕ್ಕ.
ಮೊನ್ನೆ ಐದೂ ಮುಕ್ಕಾಲರ ದೋಣಿ ಹಾರ್ನ್ ಹಾಕಿತ್ತಲ್ಲ,
ಅದಾಗಿ ನನ್ನ ಮೂರು ಉಸಿರು. ಅಲ್ಲಿ ನೋಡಿ."

ಹಾರ್ನ್ ಇರಲಿಲ್ಲ.
ಎರಡು ಕಂಬಳಿ ದಾಟಿ ಬಂದ ಆ ಶಬ್ದವನ್ನು
ರಾತ್ರಿಯಿಡೀ ಕೂತು ನಾನೇ ಕೆರೆದು ತೆಗೆದಿದ್ದೆ.
ಉಸಿರುಗಳನ್ನೂ ಕತ್ತರಿಸಿದ್ದೆ, ಚೊಕ್ಕಟವಾಗಲೆಂದು.
ಅವರಿಗೆ ಹೇಳಲಿಲ್ಲ.
ವಾಮನನನ್ನು ಚಾ ತರಲು ಕಳಿಸಿ
ಮೊದಲ ದಿನದ ಕಚ್ಚಾ ಟ್ರ್ಯಾಕಿನ ಮ್ಯೂಟ್ ತೆಗೆದೆ.
ಹಾರ್ನ್.
ಒಂದು. ಎರಡು.
ಮೂರನೆಯ ಉಸಿರು
ನಾನು ನೆನಪಿಟ್ಟದ್ದಕ್ಕಿಂತ ಉದ್ದ ಇತ್ತು.
"ಹಾಂ. ಇಲ್ಲೇ."

ಹಾಡಿ ಮುಗಿಸಿ ಚಪ್ಪಲಿ ಮೆಟ್ಟುತ್ತ ಕೇಳಿದರು,
ಪೆನ್ ಡ್ರೈವಿನಲ್ಲಿ ಕೊಡುವಾಗ ಆ ಹಾರ್ನ್ ಇರುತ್ತದಾ ಅಂತ.
ಇಲ್ಲ, ತೆಗೆದೇ ಕೊಡುವುದು, ಅಂದೆ.
"ಇರಲಿ ಮಾರಾಯ್ರೆ. ನಮ್ಮವರಿಗೆ ಗಂಟೆ ಎಷ್ಟಾಯಿತು
ಅಂತ ಗೊತ್ತಾಗುವುದು ಬೇಡವಾ?"

ಮೆಟ್ಟಿಲಲ್ಲಿ ಅವರ ಹೆಜ್ಜೆ ಇಳಿಯುವುದು ಕೇಳುತ್ತಿತ್ತು.
ಹೆಸರಿಲ್ಲದ ಹದಿನೇಳನ್ನು ಎಳೆದು ತಂದು
ಹಾರ್ನಿನ ಮೇಲೆ ನೆಟ್ಟೆ. ಹೆಸರಿಟ್ಟೆ.
ಈ ಸಲ ತಾಳಕ್ಕೆ ಕಟ್ಟಿದೆ.
ಕಂಬಳಿ ಸರಿಸಿ ಹೊಳೆ ನೋಡಿದೆ:
ಐದೂ ನಲವತ್ತೆಂಟು.
ಇವತ್ತು ದೋಣಿ ತಡ.