ಕೈಗಳ ಲೆಕ್ಕ

ತೆಂಕಣ ಗಡಿಕೋಟೆಯಿಂದ ಕರಣಿಕ ರೆನ್‌ಸೆನೆಬ್ ಬರೆದದ್ದು,
ನೆರೆಯ ಎರಡನೇ ತಿಂಗಳು, ಹದಿನೇಳನೆಯ ದಿನ.
ಒಡೆಯರ ಸೀಮೆಯೆಲ್ಲ ಕ್ಷೇಮ.
ಹೀಗೆ ಶುರುಮಾಡುವುದು ರೂಢಿ,
ಮಾಡಿದ್ದೇನೆ.

ಮೂರು ದಿನದ ಹಿಂದೆ ದಾಟಿಹೋದ ಕತ್ತೆ
ಗಬ್ಬವೋ ಅಲ್ಲವೋ ಎಂದು ಮರಳು ನೋಡಿ ಹೇಳುವ
ನಮ್ಮ ಮೆಜಾಯ್ ಮುದುಕ
ಮಂಡಿಯೂರಿ ಕೂತವನು ತಡವಾಗಿ ಎದ್ದ.
"ಮರಳು ಗಾಜಾಗಿದೆ. ಜಾಡು ಮೇಲಕ್ಕೆ ಹೋಗಿದೆ."
ಹೆಂಡ ತಲೆಗೇರಿದೆ ಎಂದುಕೊಂಡು
ಅವನ ಪಡಿಯಲ್ಲಿ ಅರ್ಧ ಕೊಡ ಮುರಿದುಕೊಂಡೆ.
ಆ ಅರ್ಧ ಕೊಡ ನನ್ನ ಲೆಕ್ಕಕ್ಕೆ ಹಚ್ಚಿ.

ಅವು ಬಂದವು.
ನಾವೆ ಎಂದು ಬರೆದೆ: ಹುಟ್ಟಿಲ್ಲ, ಹಾಯಿಲ್ಲ.
ಅಳಿಸಿ ಹಕ್ಕಿ ಎಂದೆ: ನೆರಳು ಹಕ್ಕಿಯದಲ್ಲ.
ಏಳುನೂರು ಚಿಹ್ನೆಗಳನ್ನು ಬೆನ್ನಿನ ಮೇಲೆ ಏಟು ತಿಂದು ಕಲಿತವನು
ಕೊನೆಗೆ ಅಲ್ಲೊಂದು ಜಾಗ ಖಾಲಿ ಬಿಟ್ಟೆ.
ಓದುವಾಗ ಅಲ್ಲಿ ಉಸಿರು ಹಿಡಿಯಿರಿ.

ಬಂಗಾರದ ಗಣಿಯತ್ತ ಕಣ್ಣೆತ್ತಿಯೂ ನೋಡಲಿಲ್ಲ.
ಹೊಳೆಯ ಮೇಲೆ ನಿಂತು ಸೊಂಡಿಲು ಇಳಿಬಿಟ್ಟವು,
ಕುಡಿದವು.
ನೆರೆಯ ಗುರುತು ಕೆತ್ತುವ ಬಂಡೆಯಲ್ಲಿ
ನನ್ನಪ್ಪ ಕೆತ್ತಿದ ಗೆರೆಗಿಂತ, ಅವನಪ್ಪನ ಗೆರೆಗಿಂತ
ಎಂಟು ಮೊಳ ಕೆಳಗಿಳಿಯಿತು ನೀರು
ಒಂದೇ ಹಗಲಲ್ಲಿ.
ಮೊಸಳೆಗಳು ಕೆಸರಲ್ಲಿ ಬಾಯಿ ತೆರೆದು
ನಮ್ಮನ್ನೇ ನೋಡಿದವು, ಕಷ್ಟಕ್ಕೆ ಬಂದ ನೆಂಟರ ಹಾಗೆ.

ಬಿಲ್ಲಿನವರು ಅರವತ್ತು ಮಂದಿ ಗೋಡೆ ಹತ್ತಿದರು.
ಬಾಣ ತಾಗಿತು; ತಾಗಿದ್ದು ಅದಕ್ಕೆ ತಿಳಿಯಲಿಲ್ಲ.
ಆಮೇಲೊಂದು ಬೆಳಕು. ಸದ್ದಿಲ್ಲ, ಹೊಗೆಯಿಲ್ಲ.
ದನದ ತೊಗಲಿನ ಗುರಾಣಿಗಳು
ಹಿಡಿದವರಿಲ್ಲದೆ ಒಂದು ಗಳಿಗೆ ನಿಂತವು,
ಆಮೇಲೆ ಬಿದ್ದವು.
ಇಪಿ ಇರಲಿಲ್ಲ. ಅವನಿಗೆ ನನ್ನಿಂದ
ಒಂದು ಜೊತೆ ಚಪ್ಪಲಿ ಬರಬೇಕಿತ್ತು.

ಆ ರಾತ್ರಿ ಈರುಳ್ಳಿ ಸುಲಿಯುತ್ತ ಹೆಪು ಎಂಬ ಬಡಕಲು ಹುಡುಗ,
ಜೌಗುನಾಡಿನ ನೀರಾನೆ ಬೇಟೆಗಾರನ ಮಗ, ಅಂದ:
"ಅಪ್ಪ ಯಾವತ್ತೂ ನೀರಾನೆ ಕೊಂದವನಲ್ಲ.
ಕೊಕ್ಕೆ ಚುಚ್ಚಿ ಹಗ್ಗ ಬಿಡುತ್ತಿದ್ದ.
ಕೊಲ್ಲುವುದು ಹಗ್ಗ. ನಮ್ಮದು ಬರೀ ಬಿಡದೆ ಇರುವುದು."

ಯಾರೂ ನಗಲಿಲ್ಲ.
ದೋಣಿಯ ಹಗ್ಗ, ಬಾವಿಯ ಹಗ್ಗ, ಕತ್ತೆಯ ಕಣ್ಣಿ,
ಹೆಂಗಸರು ಮಂಚದಿಂದ ಬಿಚ್ಚಿಕೊಟ್ಟದ್ದು,
ಎಲ್ಲ ಸೇರಿಸಿ ಹೊಸೆದೆವು.
ಬೆಳಗಿನ ಜಾವ ಸೊಂಡಿಲು ಹೊಳೆಗಿಳಿದಾಗ
ಮೈಗೆ ಕೆಸರು ಮೆತ್ತಿ ಮೊಸಳೆಗಳ ನಡುವೆ ಮಲಗಿದ್ದ ಹೆಪು
ಎದ್ದು ನಿಂತು ಎಸೆದ.

ಅವಕ್ಕೆ ಏನೇನು ಗೊತ್ತೋ ನಾನರಿಯೆ.
ಎಳೆಯುವುದು ನಮಗೆ ಗೊತ್ತು.
ಸತ್ತ ದೊರೆಗಳಿಗಾಗಿ ಮನೆಯಂಥ ಬಂಡೆ ಎಳೆದವರು,
ಅಬ್ಬಿಯ ಎದುರು ಹಡಗು ಎಳೆದವರು;
ಬೇಕಾದರೆ ಅಂಗೈ ನೋಡಿ.
ಇನ್ನೂರು ಜನ ಐಸಾ ಎಂದೆವು,
ರೊಟ್ಟಿ ಸುಡುವವಳು, ಮೆಜಾಯ್ ಮುದುಕ, ಮಸಿಗೈಯ ನಾನು.
ಬೆಳಕು ಬಿತ್ತು. ಮುಂದಿನವರು ಹೋದರು.
ಹಿಂದಿನವರು ಮುಂದಿನವರಾದರು.
ಹೊತ್ತು ನೆತ್ತಿಗೇರುವಾಗ ಅದು ವಾಲಿತು,
ಕುಡಿದದ್ದನ್ನೆಲ್ಲ ಕಕ್ಕಿತು,
ನಮ್ಮ ಕರಿಮಣ್ಣಿನಲ್ಲಿ ಸೊಂಟಮಟ್ಟ ಹೂತಿತು.
ಉಳಿದವು ಮೇಲೆ ಹೋದವು. ಎಷ್ಟು ಮೇಲೆ ಎನ್ನಬೇಡಿ,
ರಾತ್ರಿ ನಾಲ್ಕು ಚುಕ್ಕಿ ಹೆಚ್ಚಿವೆ.

ಇನ್ನು ಲೆಕ್ಕ.
ಸತ್ತ ಶತ್ರುವಿನ ಬಲಗೈ ಕಡಿದು ರಾಶಿ ಹಾಕಿ
ಎಣಿಸಿ ಬರೆಯಬೇಕೆಂಬುದು ಕಟ್ಟಳೆ.
ಹೊಟ್ಟೆ ಸೀಳಿ ನೋಡಿದೆವು. ಒಳಗಿದ್ದವಕ್ಕೆ
ಕೈಗಳೇ ಇಲ್ಲ.
ಆದ್ದರಿಂದ ಹಗ್ಗದ ಮೇಲೆ ಉಳಿದ ಕೈಗಳನ್ನು ಎಣಿಸಿದೆ.
ಇನ್ನೂ ಹಿಡಿದೇ ಇದ್ದವು;
ಬಿಡಿಸಲು ಎಣ್ಣೆ ಹಚ್ಚಬೇಕಾಯಿತು.
ನೂರ ಹದಿಮೂರು.
ಹೆಪುವಿನವು ಎರಡೂ.
ಮಸಿ ಅಂಟಿದ್ದೊಂದು ನನ್ನದು, ಎಡಗೈ.
ಇದನ್ನು ಬಲಗೈಯಲ್ಲಿ ಬರೆಯುತ್ತಿದ್ದೇನೆ.

ಕಳಿಸಬೇಕಾದದ್ದು: ಬಾರ್ಲಿ, ಈರುಳ್ಳಿ,
ಒಂದು ಜೊತೆ ಚಪ್ಪಲಿ, ಇಪಿಯ ತಾಯಿಗೆ ಮುಟ್ಟುವಂತೆ.
ಬಾಣ ಬೇಡ.
ಹಗ್ಗ ಕಳಿಸಿ.

ಒಡೆಯರ ಸೀಮೆಯೆಲ್ಲ ಕ್ಷೇಮ.
ಅಂದರೆ, ಅಪ್ಪನ ಗೆರೆ ಮುಟ್ಟಲು ನೀರು
ಇನ್ನೂ ಎರಡು ಮೊಳ ಏರಬೇಕು.
ಏರುತ್ತಿದೆ.