ಸೊಪ್ಪು ಉಂಟಾ

ಸೊಪ್ಪು ಸಿಗುತ್ತಾ ಅಂತ ಕೇಳಿದವನು
ಐವರಲ್ಲಿ ಕಿರಿಯ, ಕನ್ನಡಕದವನು.
ಅಡುಗೆಮನೆ ಹೊಸ್ತಿಲಲ್ಲಿ ನಿಂತು
ಕೈಸಾಲ ಕೇಳುವವರ ದನಿಯಲ್ಲಿ.
ಉಂಟಲ್ಲ, ಕಕ್ಕಬ್ಬೆಯ ಬೇಲಿ ತುಂಬ ಉಂಟು ಅಂದೆ.
ಅವನ ಮುಖ ನೀವು ನೋಡಬೇಕಿತ್ತು.
ಎಷ್ಟಾಗುತ್ತೆ?
ಸೊಪ್ಪಿಗೆ ಯಾರು ಮಾರಾಯ ದುಡ್ಡು ತಗೊಳ್ಳುವುದು,
ಊಟದ ಲೆಕ್ಕದಲ್ಲಿ ಬಂತು.

ಆದರೆ ನಾಳೆಯವರೆಗೆ ತಡೆಯಬೇಕು.
ಇವತ್ತು ಕೊಯ್ದರೆ ಅದು ಬರೀ ಎಲೆ,
ನಾಳೆ ಕೊಯ್ದರೆ ಮದ್ದು.
ಹೋಂಸ್ಟೇ ಚಿಟ್ಟಿಯಪ್ಪನವರಿಗೆ ಕಕ್ಕಡ ಹದಿನೆಂಟು,
ನಮಗೆ ಆಟಿ ಹದಿನೆಂಟು,
ಗಿಡಕ್ಕೆ ಎರಡೂ ಒಂದೇ ಬೆಳಗು.

ಐವರೂ ತಡೆದರು, ವ್ರತ ಹಿಡಿದವರ ಹಾಗೆ.
ರಾತ್ರಿ ಜಗಲಿಯಲ್ಲಿ ಕೂತು ಹಿಮಾಚಲದ ಕಥೆ ಹೇಳಿದರು:
ಅಲ್ಲೊಂದು ಮನೆಯಲ್ಲಿ ಏಳು ತಟ್ಟೆಯ ಊಟವಂತೆ,
ಬೆಣ್ಣೆಯಲ್ಲಿ ಅದು, ಚಟ್ನಿಯಲ್ಲಿ ಅದು, ಕೊನೆಗೆ ಐಸ್‌ಕ್ರೀಮಿನಲ್ಲೂ ಅದು,
ತಟ್ಟೆ ತಟ್ಟೆಗೂ ಒಬ್ಬ ಬಂದು ವಿವರಣೆ ಕೊಡುವನಂತೆ,
ನಡುನಡುವೆ ಕೊಳಲು.
ನಾನು ಕಣಿಲೆ ಹೆಚ್ಚುತ್ತಾ ಹೂಂ ಅಂದೆ.
ಇಲ್ಲಿ ವಿವರಣೆಗೆ ನಾನೇ, ಕೊಳಲಿಗೆ ಕಪ್ಪೆ.

ಬೆಳಿಗ್ಗೆ ಒಂದು ಹೊರೆ ಕೊಯ್ದೆ.
ಕುದಿದಷ್ಟೂ ನೀರು ನೇರಳೆ, ಆಮೇಲೆ ನೇರಳೆಗಿಂತ ಕಪ್ಪು,
ಮಸಿಕುಡಿಕೆ ಮಗುಚಿದ ಹಾಗೆ.
ಅದರಲ್ಲೇ ಅಕ್ಕಿ ಬೆಂದು, ಬೆಲ್ಲ ಕರಗಿ, ಕಾಯಿಹಾಲು ಬಿದ್ದು
ಮನೆಗೆಲ್ಲ ಒಂದು ವಾಸನೆ, ಇನ್ಯಾವ ದಿನವೂ ಬಾರದ್ದು.
ದೀಪ ಹಚ್ಚುವ ಹೊತ್ತಿಗೆ ಬಡಿಸಿದೆ. ಮೇಲೆ ತುಪ್ಪ, ಜೇನು.
ಹುಡುಗರು ಕಣ್ಣು ಮುಚ್ಚಿ ತಿಂದರು,
ಮಾತಿಲ್ಲದೆ ಕಾದರು.
ಬಂತಾ, ಅಂತ ಒಬ್ಬ.
ಬರ್ತಾ ಇದೆ, ಅಂತ ಇನ್ನೊಬ್ಬ.
ಕನ್ನಡಕದವನು ಮೂರನೇ ಬಟ್ಟಲು ಮುಗಿಸಿ ಗೋಡೆಗೊರಗಿ,
ಕತ್ತಲೆ ಎಷ್ಟು ದಪ್ಪ ಇದೆ ಅಕ್ಕ ಇಲ್ಲಿ, ಅಂದ.

ನನಗೆ ಗೊತ್ತಿರಲಿಲ್ಲ ಅಂದುಕೊಂಡಿರಾ?
ನನ್ನ ತಮ್ಮ ಕುಶಾಲಪ್ಪ ಕರಿಮೆಣಸಿನ ಬಳ್ಳಿ ನಡುವೆ
ಹನ್ನೊಂದು ಗಿಡ ಬೆಳೆಸಿದ್ದ, ಆ ಇನ್ನೊಂದು ಸೊಪ್ಪಿನದು.
ಒಂದೇ ಒಂದು ಸಲ ಚಟ್ನಿಗೆ ಅರೆದ.
ಅವ್ವ ಆವತ್ತು ಬೈಗಿನವರೆಗೆ ನಕ್ಕಳು,
ಹುಂಜ ನೋಡಿ ನಕ್ಕಳು, ಒನಕೆ ನೋಡಿ ನಕ್ಕಳು,
ಅಪ್ಪನ ಫೋಟೋದ ಹಾರ ಸರಿಮಾಡಲು ಹೋಗಿ
ಅಲ್ಲೇ ಕುಸಿದು ನಕ್ಕಳು.
ಅವಳಿಗೆ ಅಷ್ಟು ಹಲ್ಲುಗಳಿವೆ ಅಂತ ತಿಳಿದದ್ದೇ ಆವತ್ತು.
ಆಮೇಲೆ ಜೀಪು ಬಂತು.
ಎರಡು ಆಟಿ ಅವನು ಮಡಿಕೇರಿ ಜೈಲಿನಲ್ಲಿ ಕಳೆದ.
ಎರಡನೆಯದಕ್ಕೆ ಡಬ್ಬಿಯಲ್ಲಿ ಪಾಯಸ ಒಯ್ದರೆ
ಬಣ್ಣ ನೋಡಿ ಗೇಟಿನವರು ಒಳಗೆ ಬಿಡಲಿಲ್ಲ.
ಬಸ್‌ಸ್ಟ್ಯಾಂಡಿನಲ್ಲಿ ಕೂತು ನಾನೇ ತಿಂದೆ.

ನಸುಕಿಗೇ ಬಾಗಿಲು ಬಡಿದ ಸದ್ದು.
ಕನ್ನಡಕವಿಲ್ಲದೆ ಬಂದಿದ್ದ. ಅಕ್ಕ, ರಕ್ತ, ಅಂದ.
ಎಲ್ಲಿಂದ ಅಂತ ಹೇಳಲು ನಾಚಿಕೆ.
ನಿಮಗೈವರಿಗೂ ಕೆಂಪೇ, ನನಗೂ ಕೆಂಪೇ, ಚಿಟ್ಟಿಯಪ್ಪನವರಿಗೂ ಕೆಂಪೇ,
ಇವತ್ತು ಇಡೀ ಕೊಡಗು ಹೊಯ್ಯುವುದು ಕೆಂಪೇ ಅಂದೆ.
ಅಲ್ಲೇ ಮೆಟ್ಟಿಲ ಮೇಲೆ ಕೂತ. ತುಂಬ ಹೊತ್ತು ನಕ್ಕ.
ಆಮೇಲೆ, ರಾತ್ರಿ ನಿದ್ದೆ ಬಂತು ಅಕ್ಕ,
ಮಾರ್ಚ್ ಆದಮೇಲೆ ಇದೇ ಮೊದಲು, ಅಂದ.
ಮಾರ್ಚಿನಲ್ಲಿ ಏನು ಅಂತ ನಾನು ಕೇಳಲಿಲ್ಲ.
ಹದಿನೆಂಟು ಮದ್ದು ಇದೆಯಂತಲ್ಲ ಇದರಲ್ಲಿ,
ಯಾವ್ಯಾವುದು ಅಂತ ಅವನು ಕೇಳಿದ.
ವಾಯು, ಉಬ್ಬಸ, ಶೀತ, ಹೊಟ್ಟೆಹುಳ, ಮೈಕೈ ನೋವು...
ಏಳಕ್ಕೆ ನನ್ನ ಲೆಕ್ಕ ನಿಂತಿತು.
ಉಳಿದ ಹನ್ನೊಂದು ನೀನೇ ಸೇರಿಸಿಕೋ ಅಂದೆ.

ಹೊರಡುವಾಗ ಬಾಳೆಲೆಯಲ್ಲಿ ಒಂದು ಕಟ್ಟು ಕೊಟ್ಟೆ.
ಮಧ್ಯಾಹ್ನ ಫೋನು, ಕೊಪ್ಪ ಗೇಟಿನಿಂದ.
ಪೊಲೀಸಿನವರು. ಬಡಗಲ ಸೀಮೆಯ ದನಿ:
ಇದು ಯಾವ ತಪ್ಪಲ ಹೇಳ್ರಿ ಅಮ್ಮಾರ.
ಹೇಳಿದೆ. ಬೇಲಿಯಿಂದ ಹಿಡಿದು ಉಚ್ಚೆಯವರೆಗೂ ಹೇಳಿದೆ.
ಅತ್ತ ಲಾರಿಗಳ ಸದ್ದು. ಅವನು ನಗಲಿಲ್ಲ.
ಕಟ್ಟು ಬಿಚ್ಚಿ ಮೂಸಿದ್ದು ಕೇಳಿಸಿತು.
ಆಮೇಲೆ ದನಿ ತಗ್ಗಿಸಿ, ಥೇಟು ಆ ಹುಡುಗನ ಹಾಗೆ,
ನಿದ್ದಿ ಬರತದೇನ್ರಿ ಇದರಿಂದ, ಅಂದ.