ಒಯ್ಯದ ಉಳಿದವು

ಹುಬ್ಬಳ್ಳಿಯಿಂದ ಬಂದಿದ್ದ ಚೂಪು ಬೂಟಿನ ಹುಡುಗ
ಫೋನು ಮುಂದ ಹಿಡಿದು ಕೇಳಿದ:
ಅಜ್ಜಾರ, ಮರೆತುಹೋದ ರಾಕ್ ಬ್ಯಾಂಡಿನೊಳಗ
ಹಾಲ್ ಆಫ್ ಫೇಮಿಗೆ ಯಾರು ಹೋಗಬೇಕು?

ಮೊದಲು ಆ ಸ್ಟೂಲಿನಿಂದ ಏಳು ತಮ್ಮಾ,
ನೀ ಕುಂತದ್ದು ಸ್ಟೂಲಲ್ಲ, ಆಂಪ್ಲಿಫೈಯರು.

ಖಡೇ ಬಜಾರಿನ ಈ ಅಂಗಡಿ ಎಂಟು ಫೂಟು ಅಗಲ.
ಬೋರ್ಡಿನ್ಯಾಗ ಬರೀ ‘ರೇಡಿಯೋ ರಿಪೇರಿ’ ಅಂತ ಐತಿ.
ರೇಡಿಯೋ ಸತ್ತು ಹದಿನೈದು ವರ್ಷಾತು,
ಬೋರ್ಡು ಇನ್ನೂ ಸತ್ತಿಲ್ಲ.
ಹಾಲು ಅಂದ್ರ ನಮ್ಮೂರಾಗ ಕುದಿಸಿ ಕುದಿಸಿ ಕುಂದಾ ಮಾಡೂದು.
ನಿನ್ನ ಹಾಲು ಬ್ಯಾರೆ ಇದ್ರ, ಮ್ಯಾಲಿನ ಫಳಿ ನೋಡು:
ರಿಪೇರಿಗೆ ಕೊಟ್ಟು ಒಯ್ಯದ ಉಳಿದವು.
ಒಂದೊಂದಕ್ಕೂ ದಾರ ಕಟ್ಟಿದ ಚೀಟಿ,
ಹೆಸರು, ತಾರೀಖು, ಬಾಕಿ.

ಕೆಂಪು ಗಿಟಾರು ಕ್ಯಾಂಪಿನ ಆನ್ಸೆಲ್ಮನದು.
ಬ್ಯಾಂಡಿನ ಹೆಸರು ಗ್ರೇ ಪಿಜನ್ಸ್. ಎಂಬತ್ತಾರು.
ಇಂಗ್ಲೆಂಡಿನವರ ಹಾಡು ಅವರಿಗಿಂತ ಛಲೋ ಹಾಡತಿದ್ದ,
ಅದಕ್ಕಂತನ ಅರ್ಧ ಮಾರ್ಕು ಕಡೀತೀನಿ.
ಆದ್ರ ಒಂದು ಲಗ್ನದಾಗ ಕರೆಂಟು ಹೋತು,
ಇವ ನಿಲ್ಲಿಸಲಿಲ್ಲ.
ಬರೀ ತಂತಿಯ ಚಿಣಿಚಿಣಿ. ಕತ್ತಲದಾಗ ಮುನ್ನೂರು ಮಂದಿ
ಪತ್ರಾಳಿ ಸಪ್ಪಳ ಆಗದಂಗ ಉಂಡ್ರು.
ಹೋಗಲಿ, ಇವನೂ ಒಳಗ.

ಥರ್ಡ್ ಗೇಟಿನವರು ರೇಲ್ವೆ ಕ್ವಾರ್ಟರ್ಸಿನ ಹುಡುಗೂರು.
ಮೀರಜ್ ಪ್ಯಾಸೆಂಜರ್ ಬರೂ ಹೊತ್ತಿಗೆ ಸರಿಯಾಗಿ
ಮೂರನೇ ಹಾಡು. ಗಾಡಿಯ ಸಿಳ್ಳು
ಅದರಾಗಿನ ಒಂದು ಸ್ವರ.
ಗಾಡಿ ಲೇಟಾದ್ರ ಹಾಡು ಉದ್ದ.
ಒಮ್ಮೆ ನಲವತ್ತು ಮಿನಿಟು ಒಂದ ಸಾಲು ಬಾರಿಸಿದ್ರು.
ಮುಂದ ಅಂಥಾದ್ದಕ್ಕ ದೊಡ್ಡ ಹೆಸರು ಬಂತಂತ, ಪ್ರಯೋಗ ಅಂತ.
ಇವರಿಗೆ ಬಂದದ್ದು ಗೇಟ್‌ಮನ್ನನ ಬೈಗುಳ.

ಇನ್ನೊಂದು ಬ್ಯಾಂಡಿಗೆ ಹೆಸರಾ ಇಲ್ಲ.
ಡ್ರಮ್ಮಿನ ಮಾರಿ ಮ್ಯಾಲೆ ಕನ್ನಡದಾಗ ಬರೆದ್ರ
ಒಬ್ಬರು ಬಂದು ಅಳಿಸಿದ್ರು,
ಮರಾಠಿಯೊಳಗ ಬರೆದ್ರ ಇನ್ನೊಬ್ಬರು.
ಕಡೀಕ ಬಣ್ಣ ಮುಗೀತು.
ಆ ಬೋಳು ಡ್ರಮ್ಮು ಬಾರಿಸಿದಾಕಿ
ವಡಗಾವಿಯ ಸುಗಂಧಾ ಕಾಮಕರ.
ಅಪ್ಪನವು ನಾಲ್ಕು ಪವರ್‌ಲೂಮು. ಆ ಖಟಾಖಟದಾಗ
ತೊಟ್ಟಿಲದಾಗ ಮಲಗಿದ ಕೂಸು,
ಮಗ್ಗ ನಿಂತ್ರ ಎಚ್ಚರಾಗಿ ಅಳತಿತ್ತಂತ.
ತಾಳ ತಪ್ಪೂದಂದ್ರ ಸೀರಿಯೊಳಗ ಎಳಿ ತಪ್ಪಿದಂಗ,
ಮಂದಿಗೆ ಕಾಣೂದಿಲ್ಲ,
ಆಕಿಗೆ ಕಾಣತಿತ್ತು.

ಕ್ಯಾಸೆಟ್ ಐತೇನ್ರಿ? ಇಲ್ಲ. ಫೋಟೊ? ಇಲ್ಲ.
ಸಾಕ್ಷಿ ಇಲ್ಲದ ಹೆಂಗ, ಅಜ್ಜಾರ?
ಅವರ ಫ್ಯೂಜು ಸುಟ್ಟದ್ದು ಹನ್ನೊಂದು ಸಲ,
ನಾ ಹಾಕಿಕೊಟ್ಟದ್ದು ಹನ್ನೊಂದು ಸಲ.
ಬುಕ್ಕಿನ್ಯಾಗ ಐತಿ, ನೋಡಕೋ.

ಹೋದ ಶ್ರಾವಣದಾಗ ಆಕಿ ಬಂದಿದ್ಲು.
ಗುರುತಾ ಸಿಗಲಿಲ್ಲ. ದಪ್ಪ ಕನ್ನಡಕ, ಕೈಯಾಗ ಔಷಧದ ಚೀಲ.
ಒಂದು ಹಿತ್ತಾಳಿ ತಟ್ಟಿ ಬಿಟ್ಟಿದ್ದೆ, ಅಂಚು ಸೀಳಿತ್ತು, ಅಂದ್ಲು.
ಚೀಟಿ ಉಜ್ಜಿ ನೋಡಿದೆ: ತೊಂಬತ್ತೈದು. ಬಾಕಿ ಮೂವತ್ತೈದು ರೂಪಾಯಿ.
ಬ್ಯಾಡ ಅಂದೆ. ಎಣಿಸಿ ಇಟ್ಲು.
ನಿಮ್ಮಂಥವರಿಗೆ ಸನ್ಮಾನ ಆಗಬೇಕಿತ್ತು ಅಂತ ಶುರು ಮಾಡಿದ್ರ
ಬಡ್ಡಿ ಹಿಡೀಬ್ಯಾಡ, ಅಷ್ಟ ಸಾಕು, ಅಂದು ನಕ್ಲು.
ಬಾಗಲದಾಗ ನಿಂತು ಉಗುರಿಲೆ ಒಮ್ಮೆ ಬಡದ್ಲು.
ಕಿವಿಗೊಟ್ಟು, ತಡದು:
ನಿನ್ನ ಬೆಸುಗೆ ಛಲೋ ಇಲ್ಲ.

ಖರೇ ಐತಿ. ಆವಾಗ ನಾನೂ ಹೊಸಬ.

ಫಳಿ ಮ್ಯಾಲೆ ಅದು ಇದ್ದಲ್ಲಿ
ಧೂಳಿಲ್ಲದ ಒಂದು ದುಂಡು ಉಳಿದೈತಿ.
ಅಲ್ಲಿ ಏನೂ ಇಟ್ಟಿಲ್ಲ ನಾ.

ಹುಡುಗ ಅದರ ಫೋಟೊ ಹೊಡದ, ಬರೀ ಕಪ್ಪು ಬಂತು.
ಬಲ್ಬು ಹಾಕತೀನಿ ತಡಿ ಅಂದೆ. ಗಾಡಿಗೆ ಹೊತ್ತಾತು ಅಂದ.
ಹೋಗೂ ಮುಂದ ಆನ್ಸೆಲ್ಮನ ಹೆಸರಿನ ಸ್ಪೆಲ್ಲಿಂಗು ಕೇಳಿದ.
ಚೀಟಿ ಇಳಿಸಿ ನೋಡಿದೆ,
ನಡುವಿನ ಎರಡಕ್ಷರ ಇಲಿ ತಿಂದಿತ್ತು.